ಮನೆಗಾಡಿಯಲ್ಲಿ ಇಗರ್ಜಿ ಯಾತ್ರೆ

ನಮ್ಮವರು ಮೂವತ್ತೆರಡು ವರ್ಷ ಬಸ್ಸು ಓಡಿಸಿ ಶಿರಾಡಿ ಘಾಟಿ ಹತ್ತಿ ಇಳಿದವರು. ನಾನು ಹೆಚ್ಚುಕಡಿಮೆ ಅಷ್ಟೇ ವರ್ಷ ಬಂಟ್ವಾಳದ ಕಡೆಯ ಒಂದು ಶಾಲೆಯಲ್ಲಿ ಸಮಾಜ ಪಾಠದ ಟೀಚರು. ನಿವೃತ್ತಿಯಾದ ಮೇಲೆ ಅವರಿಗೆ ಗಾಡಿಯಿಲ್ಲ, ನನಗೆ ಮಕ್ಕಳಿಲ್ಲ. ಹಾಗಿರುವಾಗ 2024ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡ ಮಗಳು, "ಇಲ್ಲಿ ಹಳೆಯ ಇಗರ್ಜಿಗಳ ಒಂದು ಸಾಲೇ ಇದೆಯಮ್ಮ, ಆರ್‌ವಿ ಬಾಡಿಗೆಗೆ ಹಿಡಿದುಕೊಟ್ಟರೆ ಇಬ್ಬರೂ ಹೋಗಿಬರುತ್ತೀರಾ?" ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ ಹೂಂ ಎಂದೆವು.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಒಲೆ, ಫ್ರಿಜ್, ಮಂಚ, ಪಾಯಿಖಾನೆ ಎಲ್ಲ ಅದರೊಳಗೇ. ಇಪ್ಪತ್ತೈದು ಅಡಿ ಉದ್ದದ ಅದನ್ನು ಕಂಡು ಅಳಿಯ ಹೆದರಿದ್ದ. ನಮ್ಮವರು ಒಂದು ಸುತ್ತು ಹಾಕಿ, ಟಯರಿಗೆ ಕಾಲಿನಿಂದ ತಟ್ಟಿ, "ನಮ್ಮ ಬಸ್ಸಿಗಿಂತ ಚಿಕ್ಕದು" ಎಂದರು. ದಿನ ಬಿಟ್ಟು ದಿನ ಕೊಳಕು ನೀರಿನ ಟ್ಯಾಂಕನ್ನು ಕೊಳವೆ ಹಾಕಿ ಖಾಲಿ ಮಾಡುವ ಕೆಲಸವೊಂದು ಮಾತ್ರ ಅವರಿಗೆ ಬೇಸರದ್ದು. "ಇದಕ್ಕೊಬ್ಬ ಕ್ಲೀನರ್ ಬೇಕಿತ್ತು" ಎಂದು ಗೊಣಗುತ್ತಲೇ ಮಾಡುತ್ತಿದ್ದರು. ನಾನು ಒಳಗೆ ಕುಚ್ಚಲಕ್ಕಿ ಗಂಜಿಗೆ ಇಟ್ಟು ಪುಸ್ತಕ ಬಿಡಿಸುತ್ತಿದ್ದೆ.

ಈ ಇಗರ್ಜಿಗಳಿಗೆ ಅಲ್ಲಿ ಮಿಷನ್ ಎನ್ನುತ್ತಾರೆ. ರಷ್ಯದವರು ಉತ್ತರದಿಂದ ಇಳಿದುಬಂದಾರು ಎಂಬ ಭಯದಲ್ಲಿ ಸ್ಪೇನಿನ ರಾಜ ಈ ಕರಾವಳಿಗೆ ಸಿಪಾಯಿಗಳನ್ನೂ ಫ್ರಾನ್ಸಿಸ್ಕನ್ ಪಾದ್ರಿಗಳನ್ನೂ ಜೊತೆಯಾಗಿ ಕಳುಹಿಸಿದ. 1769ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮೊದಲನೆಯದು, 1823ರಲ್ಲಿ ಸೊನೋಮಾದಲ್ಲಿ ಕೊನೆಯದು, ಒಟ್ಟು 21. ಆರಂಭ ಮಾಡಿದವರು ಮಯೋರ್ಕಾ ದ್ವೀಪದ ಪಾದ್ರಿ ಹುನಿಪೆರೊ ಸೆರ್ರಾ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ದಾರಿಯುದ್ದಕ್ಕೂ ಬಾಗಿದ ಕಬ್ಬಿಣದ ಕಂಬಗಳಿಗೆ ಗಂಟೆ ತೂಗುಹಾಕಿದ್ದಾರೆ. 1906ರಿಂದ ಅವನ್ನು ನಿಲ್ಲಿಸಲು ಓಡಾಡಿದವಳು ಫೋರ್ಬ್ಸ್ ಎಂಬ ಒಬ್ಬ ಹೆಂಗಸು. ಮೊದಲೆರಡು ದಿನ ಆ ಗಂಟೆ ಕಂಡಲ್ಲೆಲ್ಲ ನಾನು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದೆ.

ಸ್ಯಾನ್ ಗೇಬ್ರಿಯಲ್‌ನಲ್ಲಿ ಕೈ ತಡವರಿಸಿತು. 2020ರ ಜುಲೈಯಲ್ಲಿ ಮಾಡು ಸುಟ್ಟು ಮತ್ತೆ ಕಟ್ಟಿದ ಇಗರ್ಜಿ ಅದು. 1785ರಲ್ಲಿ ಈ ಮಿಷನ್ ಮೇಲೆ ದಾಳಿಗೆ ಹೊರಟವರಲ್ಲಿ ತೊಯ್ಪುರಿನಾ ಎಂಬ ಹೆಣ್ಣೂ ಇದ್ದಳು. ಮದ್ದು ಮಂತ್ರ ಬಲ್ಲವಳು, ವಯಸ್ಸು ಇಪ್ಪತ್ತೈದರ ಆಚೀಚೆ. ಸುದ್ದಿ ಮೊದಲೇ ತಿಳಿದಿದ್ದ ಕಾವಲಿನವರು ಅವಳನ್ನೂ ಇತರ ಕೆಲವರನ್ನೂ ಹಿಡಿದರು. ವಿಚಾರಣೆಯಾಯಿತು. 1787ರಲ್ಲಿ ಅವಳಿಗೆ ಜ್ಞಾನಸ್ನಾನವಾಗಿ ರೆಜಿನಾ ಹೊಸೆಫಾ ಎಂಬ ಹೆಸರು ಬಂತು. ತನ್ನ ಊರಿನಿಂದ ದೂರ ಕಳುಹಿಸಲ್ಪಟ್ಟು, ಒಬ್ಬ ಸ್ಪೇನಿನ ಸಿಪಾಯಿಯನ್ನು ಮದುವೆಯಾಗಿ ಮಕ್ಕಳನ್ನು ಹೆತ್ತಳು. ಅವಳು ಮನಸಾರೆ ನಂಬಿದಳೋ ಬೇರೆ ದಾರಿಯಿಲ್ಲದೆ ತಲೆಯೊಡ್ಡಿದಳೋ, ಆ ಕಾಲದ ಯಾವ ಕಾಗದವೂ ನನಗೆ ಹೇಳಲಿಲ್ಲ. ರೆಜಿನಾ ಎಂದರೆ ರಾಣಿ. ನಮ್ಮ ಕೇರಿಯಲ್ಲೇ ಮೂವರು ರೆಜಿನಾಗಳಿದ್ದಾರೆ.

ಹೆಸರಿನ ಹುಳ ನನ್ನ ತಲೆ ಹೊಕ್ಕಿದ್ದು ಅಲ್ಲಿಯೇ. ಸಾಂತಾ ಬಾರ್ಬರಾದಲ್ಲಿ ಅದು ದೊಡ್ಡದಾಯಿತು. ಸ್ಯಾನ್ ನಿಕೊಲಸ್ ದ್ವೀಪದ ಜನರನ್ನು 1835ರಲ್ಲಿ ಹಡಗಿಗೆ ಹತ್ತಿಸಿ ಒಯ್ಯುವಾಗ ಒಬ್ಬ ಹೆಂಗಸು ಅಲ್ಲಿಯೇ ಉಳಿದಳು. ಹದಿನೆಂಟು ವರ್ಷ ಒಬ್ಬಳೇ ಬದುಕಿದಳು. 1853ರಲ್ಲಿ ಜಾರ್ಜ್ ನಿಡೆವರ್ ಎಂಬ ಹಡಗಿನವನು ಅವಳನ್ನು ಕರೆತಂದಾಗ ಊರಿಗೆ ಊರೇ ನೋಡಲು ನೆರೆಯಿತಂತೆ. ಆದರೆ ಅವಳ ಭಾಷೆ ತಿಳಿದವರು ಒಬ್ಬರೂ ಸಿಗಲಿಲ್ಲವೆಂದು ಹೇಳುತ್ತಾರೆ. ಅವಳು ನಗುತ್ತಿದ್ದಳು, ಹಾಡುತ್ತಿದ್ದಳು, ಕೈಸನ್ನೆ ಮಾಡುತ್ತಿದ್ದಳು. ಏಳು ವಾರಕ್ಕೆ ತೀರಿಕೊಂಡಳು. ಪಾದ್ರಿಗಳು ಇಟ್ಟ ಹೆಸರು ಹುವಾನಾ ಮರಿಯಾ. 1928ರಲ್ಲಿ ಹಾಕಿದ ಫಲಕದ ಮೇಲೆ ಇರುವುದೂ ಅದೇ. ಅವಳ ತಾಯಿ ಕರೆಯುತ್ತಿದ್ದ ಹೆಸರು ಯಾರಿಗೂ ಗೊತ್ತಿಲ್ಲ.

ನನಗೆ ನನ್ನ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. 1784ರ ಬೂದಿ ಬುಧವಾರ ಟಿಪ್ಪುವಿನ ಸೈನಿಕರು ನಮ್ಮ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬುದು ಅವರ ಮೇಲಿದ್ದ ಆರೋಪ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಿದ್ದೂ ಆಗಲೇ. ಹೋದವರು ಎಷ್ಟು ಸಾವಿರ ಎಂಬುದರಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಆ ಸಾಲಿನಲ್ಲಿ ನಡೆದವಳು ಅಜ್ಜಿಯ ಮುತ್ತಜ್ಜಿ, ಆಗ ಇನ್ನೂ ಮಗು. ಅಲ್ಲಿ ಅವಳಿಗೆ ಬೇರೆ ಹೆಸರಿಟ್ಟಿದ್ದರಂತೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಊರಿಗೆ ಮರಳಿದಳು. ಆದರೆ ಆ ಇನ್ನೊಂದು ಹೆಸರನ್ನು ಸಾಯುವ ತನಕ ಯಾರಿಗೂ ಹೇಳಲಿಲ್ಲವಂತೆ. ನಾವು ಮಕ್ಕಳು "ಏನಜ್ಜಿ ಆ ಹೆಸರು?" ಎಂದು ಪೀಡಿಸುತ್ತಿದ್ದೆವು.

ಮುಂದೆ ಲಾ ಪುರಿಸಿಮಾ. ಪಾಳುಬಿದ್ದಿದ್ದ ಈ ಮಿಷನ್ನನ್ನು 1930ರ ದಶಕದಲ್ಲಿ ಹಸಿ ಇಟ್ಟಿಗೆಯಲ್ಲಿ ಹಳೆಯ ಕ್ರಮದಲ್ಲೇ ಮತ್ತೆ ಕಟ್ಟಿದ್ದಾರೆ. ದನ, ಕುರಿ, ಮಗ್ಗ, ಸೋಪು ಕಾಯಿಸುವ ಒಲೆ ಎಲ್ಲ ಇದ್ದ ದೊಡ್ಡ ಸಂಸಾರ ಅದು. ಸಂಸಾರವೇನೋ ಹೌದು, ಆದರೆ ಜ್ಞಾನಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಬಿಟ್ಟುಹೋಗುವಂತಿರಲಿಲ್ಲ. ಓಡಿಹೋದವರನ್ನು ಸಿಪಾಯಿಗಳು ಹಿಡಿದು ತರುತ್ತಿದ್ದರು, ಚಾಟಿಯೇಟೂ ಬೀಳುತ್ತಿತ್ತು. ಮಿಷನ್‌ಗಳಲ್ಲಿ ಮೊಂಹೆರಿಯೊ ಎಂಬ ಕೋಣೆಯಿರುತ್ತಿತ್ತು. ಏಳೆಂಟು ವರ್ಷವಾದ ಹೆಣ್ಣುಮಕ್ಕಳನ್ನು ತಾಯಿಯ ಮಗ್ಗುಲಿನಿಂದ ಬಿಡಿಸಿ, ಮದುವೆಯಾಗುವ ತನಕ ರಾತ್ರಿ ಅಲ್ಲಿ ಕೂಡಿಹಾಕಿ ಬೀಗ ಹಾಕುತ್ತಿದ್ದರು. ಸಿಪಾಯಿಗಳ ಕಾಟದಿಂದ ಕಾಪಾಡಲು ಎಂದು ಒಂದು ಕಾರಣ. ಅದು ಸುಳ್ಳೂ ಅಲ್ಲ, ಸಿಪಾಯಿಗಳ ಹಾವಳಿಯ ಬಗ್ಗೆ ಸೆರ್ರಾ ಅವರೇ ದೂರು ಬರೆದಿದ್ದರು. ಆದರೆ ಗಾಳಿಯಾಡದ ಒಂದೇ ಕೋಣೆಯಲ್ಲಿ ಅಷ್ಟೊಂದು ಮಕ್ಕಳು! ಒಬ್ಬಳಿಗೆ ಬಂದ ರೋಗ ಎಲ್ಲರಿಗೂ ಹಬ್ಬುತ್ತಿತ್ತು. ಮಿಷನ್‌ಗಳಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಕಾಟ ಕೊಡುವವರನ್ನು ಬಿಟ್ಟು ಹುಡುಗಿಯರಿಗೆ ಬೀಗ ಹಾಕುವ ಉಪಾಯ ನಮಗೂ ಹೊಸದೇನಲ್ಲ, ನೀವೇ ಹೇಳಿ.

ಅಂದು ರಾತ್ರಿ ಆರ್‌ವಿಯ ಬಾಗಿಲಿಗೆ ಚಿಲಕ ಹಾಕಲು ನಾನು ಬಿಡಲಿಲ್ಲ. "ಕರಡಿ ಬಂದರೆ?" ಎಂದರು ನಮ್ಮವರು. ಬರಲಿ ಎಂದೆ. ಅವರು ನಾನು ನಿದ್ದೆ ಹೋದ ಮೇಲೆ ಎದ್ದು ಹಾಕಿರಬೇಕು.

ಕಾರ್ಮೆಲ್‌ನಲ್ಲಿ ನಮ್ಮಿಬ್ಬರಿಗೂ ಸಣ್ಣ ಜಗಳವಾಯಿತು. ಹಣೆಯ ಮೇಲೆ ನಕ್ಷತ್ರದಂಥ ಕಿಟಕಿಯಿರುವ ಚೆಂದದ ಇಗರ್ಜಿ, ಒಳಗೆ ಪೀಠದ ಬಳಿ ನೆಲದಡಿ ಸೆರ್ರಾ ಅವರ ಸಮಾಧಿ. ಸತ್ತದ್ದು 1784ರ ಆಗಸ್ಟ್ 28. ಇಸವಿ ಓದಿ ನಾನು ನಿಂತುಬಿಟ್ಟೆ. ಊರಿನಿಂದ ತಂದಿದ್ದ ಮೊಂಬತ್ತಿ ಚೀಲದಲ್ಲಿತ್ತು, ಹೊರಗೆ ತೆಗೆಯಲು ಮನಸ್ಸಾಗಲಿಲ್ಲ.

"ಅಲ್ಲ ಮಾರಾಯ್ತಿ, ಸಂತರ ಹತ್ತಿರವೂ ನಿನ್ನ ಪರೀಕ್ಷೆ ಪೇಪರಾ?" ಎಂದರು ನಮ್ಮವರು.

"ನಮ್ಮವರನ್ನು ಎಳೆದುಕೊಂಡು ಹೋದದ್ದನ್ನು ಇನ್ನೂರ ನಲವತ್ತು ವರ್ಷವಾದರೂ ನಾವು ಮರೆತಿಲ್ಲ. ಇವರು ಮರೆಯಬೇಕಾ?"

"ಇವರು ಕೊಲ್ಲಲಿಕ್ಕೆ ಬಂದವರಲ್ಲ. ಕಾಲಿನ ಹುಣ್ಣು ಇಟ್ಟುಕೊಂಡು ಅಷ್ಟು ದೂರ ನಡೆದದ್ದು ಸುಮ್ಮನೆಯಾ?"

ಅದೂ ನಿಜವೇ. ಅವರು ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ನಾನು ಹೊರಗಿನ ಸ್ಮಶಾನದಲ್ಲಿ ದೊಡ್ಡ ಕಡಲಚಿಪ್ಪುಗಳನ್ನು ಸುತ್ತ ಜೋಡಿಸಿದ ಮಣ್ಣಿನ ಸಮಾಧಿಗಳ ನಡುವೆ ಅಡ್ಡಾಡಿದೆ. 2020ರಲ್ಲಿ ಸೆರ್ರಾ ಅವರ ಪ್ರತಿಮೆಗಳನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಲಾಸ್ ಏಂಜಲೀಸ್‌ನಲ್ಲೂ ಉರುಳಿಸಿದ್ದನ್ನು ಟೀವಿಯಲ್ಲಿ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಈಗ ಎಲ್ಲಿ ಹೋಯಿತೆಂದು ಹುಡುಕಿದೆ.

ಅಲ್ಲಿಂದ ಸ್ಯಾನ್ ಹುವಾನ್ ಬಾಟಿಸ್ಟಾ ದೂರವಿಲ್ಲ. ಇಗರ್ಜಿಯ ಮಗ್ಗುಲಿನ ಗೋಡೆಯಾಚೆ ಆಲಿವ್ ಮರಗಳ ಸ್ಮಶಾನ, ಅದರಾಚೆ ತಗ್ಗಿನ ಹೊಲ. ಭೂಕಂಪದ ಪ್ರಸಿದ್ಧ ಬಿರುಕು ಹಾದುಹೋಗುವುದು ಅಲ್ಲಿಯೇ. ಆ ಸಣ್ಣ ಜಾಗದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಮೂಲನಿವಾಸಿಗಳನ್ನು ಹೂಳಿದ್ದಾರೆ. ತೊಯ್ಪುರಿನಾ ತೀರಿಕೊಂಡದ್ದು ಈ ಮಿಷನ್‌ನಲ್ಲಿ, 1799ರ ಮೇ ತಿಂಗಳಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದೂ ಅದೇ ತಿಂಗಳು. ಇಸವಿಗೆ ಇಸವಿ ಕೂಡಿಸಿ ನೋಡುವುದು ಸಮಾಜ ಟೀಚರುಗಳ ಚಟ, ಅದರಿಂದ ಏನನ್ನೂ ಸಾಧಿಸಲಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಮೊಂಬತ್ತಿ ಹೊರಗೆ ತೆಗೆದೆ. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ನಮ್ಮವರು ಟೋಪಿ ತೆಗೆದು ಅಡ್ಡ ಹಿಡಿದರು.

"ಯಾವ ಹೆಸರು ಹೇಳುತ್ತೀ?"

"ತೊಯ್ಪುರಿನಾ."

"ರೆಜಿನಾ ಅಂತಲೂ ಹೇಳು. ಯಾವುದಕ್ಕೆ ಓಗೊಡುತ್ತಿದ್ದಳೋ ಏನೋ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನಿಮ್ಮ ಅಜ್ಜಿಯ ಮುತ್ತಜ್ಜಿಗೆ ಏನು ಹೆಸರಿತ್ತು?"

ಜ್ಞಾನಸ್ನಾನದ ಹೆಸರು ಹೇಳಿದೆ. ಇನ್ನೊಂದು ನನಗೆ ಗೊತ್ತಿರಲಿಲ್ಲ. ಮೊಂಬತ್ತಿ ಅರ್ಧ ಉರಿದಾಗ ನಮ್ಮವರು ಗಡಿಯಾರ ನೋಡಿದರು. ಟ್ಯಾಂಕು ಖಾಲಿ ಮಾಡುವ ಜಾಗ ಐದು ಗಂಟೆಗೆ ಮುಚ್ಚುತ್ತಿತ್ತು.