ಜಾಲಪುಟದ ಬಣ್ಣ ಆಯ್ಕೆಯ ಸ್ಕ್ರಿಪ್ಟ್

ಜಾಲಪುಟದ ಬಣ್ಣ ಆಯ್ಕೆಯ ಸ್ಕ್ರಿಪ್ಟ್ ಎಂಬುದು ಪುಟದ ಹಿನ್ನೆಲೆ ಹಾಗೂ ಅಕ್ಷರಗಳ ಬಣ್ಣವನ್ನು ಓದುಗರು ತಮಗೆ ಹಿತವಾಗುವಂತೆ ಬದಲಾಯಿಸಿಕೊಳ್ಳಲು ಅವಕಾಶ ನೀಡುವ ಚಿಕ್ಕ ಪ್ರೋಗ್ರಾಮ್. ಇದನ್ನು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಲಾಗುತ್ತದೆ. ಬಿಳಿಯ ಪರದೆಯ ಪ್ರಖರತೆಯನ್ನು ಸಹಿಸಲಾರದವರಿಗೂ ದೃಷ್ಟಿ ಮಂದವಾದವರಿಗೂ ಇದು ಕೇವಲ ಅಲಂಕಾರವಲ್ಲ, ಓದಿಗೆ ಆಧಾರ.

ಹಿನ್ನೆಲೆ

ಪುಟದ ವಿಷಯವನ್ನು ಎಚ್‌ಟಿಎಂಎಲ್, ಅದರ ರೂಪವನ್ನು ಸಿಎಸ್‌ಎಸ್ ನಿರ್ಧರಿಸುತ್ತದೆ. ಸಿಎಸ್‌ಎಸ್‌ನ ಮೊದಲ ಆವೃತ್ತಿಯು 1996ರ ಡಿಸೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂನ ಶಿಫಾರಸಾಗಿ ಪ್ರಕಟವಾಯಿತು. ಜಾವಾಸ್ಕ್ರಿಪ್ಟನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ರೂಪಿಸಿದರು. ವಿಷಯ ಮತ್ತು ರೂಪ ಬೇರೆಬೇರೆಯಾಗಿರುವುದರಿಂದಲೇ ಬರಹವನ್ನು ಮುಟ್ಟದೆ ಬಣ್ಣವನ್ನಷ್ಟೇ ಬದಲಿಸಲು ಸಾಧ್ಯವಾಗಿದೆ.

ಬಣ್ಣಗಳ ಸೂಚನೆ

ಕೆಂಪು, ಹಸಿರು, ನೀಲಿ ಇವುಗಳಲ್ಲಿ ಪ್ರತಿಯೊಂದರ ಪ್ರಮಾಣವನ್ನು 0ಯಿಂದ 255ರವರೆಗಿನ ಸಂಖ್ಯೆಯಿಂದ ಸೂಚಿಸುವುದು ರೂಢಿ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಹೀಗೆ ಒಟ್ಟು 1,67,77,216 ಬಣ್ಣಗಳನ್ನು ಸೂಚಿಸಬಹುದು.

ರಚನೆ

ಮೊದಲು ಸಿಎಸ್‌ಎಸ್‌ನಲ್ಲಿ ಹಿನ್ನೆಲೆ, ಅಕ್ಷರ ಮತ್ತು ಕೊಂಡಿಗಳ ಬಣ್ಣಗಳನ್ನು ಒಂದೊಂದು ಹೆಸರಿನಡಿ ಗುಂಪುಗೂಡಿಸಬೇಕು. ಉದಾಹರಣೆಗೆ ‘ಹಗಲು’, ‘ಇರುಳು’. ಬಳಿಕ ಪ್ರತಿ ಗುಂಪಿಗೂ ಪುಟದಲ್ಲಿ ಒಂದು ಗುಂಡಿಯನ್ನು ಇಡಬೇಕು. ಗುಂಡಿಯನ್ನು ಒತ್ತಿದಾಗ ಸ್ಕ್ರಿಪ್ಟ್ ಆ ಹೆಸರನ್ನು ಪುಟದ ಮೂಲ ಅಂಶಕ್ಕೆ ಜೋಡಿಸುತ್ತದೆ. ಉಳಿದ ಕೆಲಸವನ್ನು ಸಿಎಸ್‌ಎಸ್ ಮಾಡುತ್ತದೆ. ಆಯ್ಕೆಯು ಮುಂದಿನ ಭೇಟಿಯಲ್ಲಿಯೂ ಉಳಿಯಬೇಕಾದರೆ ಹೆಸರನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಬೇಕು. ಪುಟ ಮೂಡುವ ಮುನ್ನವೇ ಅದನ್ನು ಓದದಿದ್ದರೆ, ಇರುಳಿನ ಬಣ್ಣವನ್ನು ಆರಿಸಿದವರ ಕಣ್ಣಿಗೆ ಕ್ಷಣಕಾಲ ಬಿಳಿಯ ಬೆಳಕು ರಾಚುತ್ತದೆ.

ಗಮನಿಸಬೇಕಾದ ಅಂಶಗಳು

ಹಿನ್ನೆಲೆಯನ್ನು ಮಾತ್ರ ಬದಲಿಸಿ ಅಕ್ಷರದ ಬಣ್ಣವನ್ನು ಹಾಗೆಯೇ ಬಿಟ್ಟರೆ ಬರಹವೇ ಮರೆಯಾಗಬಹುದು. ಕಪ್ಪು ಹಿನ್ನೆಲೆಯ ಮೇಲೆ ರೂಢಿಯ ಕಡುನೀಲಿ ಕೊಂಡಿಗಳನ್ನು ಓದುವುದು ಕಷ್ಟ. 2008ರಲ್ಲಿ ಪ್ರಕಟವಾದ ಜಾಲ ಸುಲಭಲಭ್ಯತೆಯ ಮಾರ್ಗಸೂಚಿಯ 2.0 ಆವೃತ್ತಿಯು, ಅದರ ‘ಎಎ’ ಮಟ್ಟದಲ್ಲಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ವ್ಯತ್ಯಾಸವನ್ನು ಬಯಸುತ್ತದೆ. ಬಿಳಿಯ ಮೇಲಿನ ಕಪ್ಪಿಗೆ ಇದು 21:1; ಬಿಳಿಯ ಮೇಲಿನ ಅಚ್ಚ ಹಳದಿಗೆ ಸುಮಾರು 1.07:1 ಮಾತ್ರ. ಆದುದರಿಂದ ಓದುಗರಿಗೆ ಬಿಡಿಬಣ್ಣಗಳನ್ನು ಕೊಡುವುದಕ್ಕಿಂತ ಪರೀಕ್ಷಿಸಿದ ಜೋಡಿಗಳನ್ನು ಕೊಡುವುದು ಕ್ಷೇಮಕರ. ಜಾವಾಸ್ಕ್ರಿಪ್ಟ್ ನಿಷ್ಕ್ರಿಯವಾಗಿರುವ ಬ್ರೌಸರಿನಲ್ಲಿಯೂ ಪುಟವು ಸ್ಪಷ್ಟವಾಗಿ ಓದಿಸಿಕೊಳ್ಳುವಂತಿರಬೇಕು.