ಆಂಗ್ಲ ವಾಚನದ ವಿರಾಮವಿವೇಕ

ಪದಪದಗಳ ನಡುವೆ ತೆರಪು ಬಿಟ್ಟು ಬರೆಯುವ ಪದ್ಧತಿ ಇಂದು ಎಷ್ಟೇ ಸಹಜವಾಗಿ ತೋರಿದರೂ, ಪಶ್ಚಿಮ ಯುರೋಪಿನಲ್ಲಿ ಅದು ಬಹುಕಾಲದ ಪ್ರಯತ್ನದಿಂದ ಸಿದ್ಧಿಸಿದುದು. ರೋಮನ್ ಚಕ್ರಾಧಿಪತ್ಯದ ಕಾಲದ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಅಕ್ಷರಗಳು ಸಾಮಾನ್ಯವಾಗಿ ಒಂದಕ್ಕೊಂದು ತಾಗಿ ಅವಿಚ್ಛಿನ್ನವಾಗಿ ಸಾಗುತ್ತಿದ್ದುವು. ಎಲ್ಲಿ ಪದ ಮುಗಿಯಿತು, ಎಲ್ಲಿ ವಾಕ್ಯಖಂಡ ಪೂರ್ಣವಾಯಿತು, ಎಲ್ಲಿ ಉಸಿರನ್ನು ತೆಗೆದುಕೊಳ್ಳಬಹುದು ಎಂಬುದನ್ನೆಲ್ಲ ಓದುವವನೇ ಅರ್ಥವನ್ನು ಗ್ರಹಿಸಿ ನಿರ್ಣಯಿಸಬೇಕಾಗಿದ್ದಿತು. ನಾಲ್ಕನೆಯ ಶತಮಾನದ ಅಂತ್ಯಭಾಗದಲ್ಲಿ ಬೈಬಲನ್ನು ಲ್ಯಾಟಿನ್ನಿಗೆ ತರುತ್ತಿದ್ದ ಸಂತ ಜೆರೋಮನು, ಡೆಮಾಸ್ತನೀಸ್ ಮತ್ತು ಸಿಸೆರೋ ಎಂಬ ಮಹಾವಾಗ್ಮಿಗಳ ಕೃತಿಗಳನ್ನು ಬರೆದಿಡುತ್ತಿದ್ದ ಕ್ರಮವನ್ನು ಅನುಸರಿಸಿ, ಪ್ರವಾದಿ ಯೆಶಾಯನ ಗ್ರಂಥವನ್ನು ಅರ್ಥಖಂಡಕ್ಕೊಂದು ಸಾಲಿನಂತೆ ವಿಂಗಡಿಸಿದನು. ಏಳನೆಯ ಮತ್ತು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿಗಳು, ಲ್ಯಾಟಿನ್ ತಮಗೆ ತಾಯ್ನುಡಿಯಲ್ಲದೆ ಪುಸ್ತಕಮುಖದಿಂದಲೇ ಕಲಿಯಬೇಕಾದ ಭಾಷೆಯಾಗಿದ್ದುದರಿಂದ, ಪದಗಳನ್ನು ಬಿಡಿಬಿಡಿಯಾಗಿ ಬರೆಯತೊಡಗಿದರು. ಈ ಕ್ರಮ ಕಣ್ಣಿಗೆ ಮಹೋಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಬರೆಹದಲ್ಲಿ ಬಿಡಿಯಾಗಿ ನಿಂತ ಪದಗಳು ಮಾತಿನಲ್ಲಿಯೂ ಹಾಗೆಯೇ ಬಿಡಿಯಾಗಿರುವುವೆಂಬ ಭ್ರಾಂತಿಗೂ ಅದರಿಂದಲೇ ಅವಕಾಶವಾಯಿತು.

ಗಟ್ಟಿಯಾಗಿ ಓದುವಾಗ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ತೀವ್ರವಾದುದು ದೇವಾಲಯಗಳಲ್ಲಿ. 1549ರಲ್ಲಿ ಆಂಗ್ಲಭಾಷೆಯ ಸಾಮಾನ್ಯ ಪ್ರಾರ್ಥನಾ ಗ್ರಂಥವೂ, 1611ರಲ್ಲಿ ಜೇಮ್ಸ್ ದೊರೆಯ ಕಾಲದ ಬೈಬಲ್ ಅನುವಾದವೂ ಪ್ರಕಟವಾದ ಮೇಲೆ, ಊರೂರಿನ ಪಾದ್ರಿಯೂ ದೇಶಭಾಷೆಯಲ್ಲಿ ಜನರ ಮುಂದೆ ಗಟ್ಟಿಯಾಗಿ ಓದಬೇಕಾಯಿತು. 1662ರ ಪ್ರಾರ್ಥನಾ ಗ್ರಂಥದ ಮುಖಪುಟವು, ದಾವೀದನ ಕೀರ್ತನೆಗಳನ್ನು ಹಾಡುವುದಕ್ಕೂ ಹೇಳುವುದಕ್ಕೂ ತಕ್ಕಂತೆ ಚಿಹ್ನೆಗಳಿಂದ ಗುರುತಿಸಲಾಗಿದೆಯೆಂದು ವಿಶೇಷವಾಗಿ ಸಾರುತ್ತದೆ. ಅದಕ್ಕೂ ಮೊದಲು, 1640ರಲ್ಲಿ, ಸೈಮನ್ ಡೇನ್ಸ್ ಎಂಬ ಉಪಾಧ್ಯಾಯನು, ಸಂಗೀತದ ಗುರು ತನಗೆ ಒಂದರಿಂದ ನಾಲ್ಕರವರೆಗೆ ಎಣಿಸಿ ಕಾಲವನ್ನು ಅಳೆಯಲು ಕಲಿಸಿದ ಉಪಾಯವನ್ನೇ ತಾನು ಶಿಷ್ಯರ ಓದಿಗೂ ಅನ್ವಯಿಸಿದುದಾಗಿ ಬರೆದನು. ಎಣಿಕೆಯ ಈ ಮಾರ್ಗವು 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ವ್ಯಾಕರಣದಲ್ಲಿ ಪೂರ್ಣ ಶಾಸ್ತ್ರರೂಪವನ್ನು ತಾಳಿತು: ಅಲ್ಪವಿರಾಮಕ್ಕೆ ಇಮ್ಮಡಿ ಅರ್ಧವಿರಾಮ, ಅದಕ್ಕೆ ಇಮ್ಮಡಿ ಕೋಲನ್, ಅದಕ್ಕೂ ಇಮ್ಮಡಿ ಪೂರ್ಣವಿರಾಮ. ಲೆಕ್ಕವೇನೋ ಅಚ್ಚುಕಟ್ಟು, ಆದರೆ ಮೌನದ ಪ್ರಮಾಣವನ್ನು ಮುದ್ರಕನ ಚಿಹ್ನೆಗೆ ಒಪ್ಪಿಸಿದ ಓದುಗನು ಅರ್ಥವನ್ನು ಅರಿಯುವ ಹೊಣೆಯಿಂದಲೂ ತಪ್ಪಿಸಿಕೊಳ್ಳುವ ಅಪಾಯ ಅದರಲ್ಲಿ ಅಡಗಿದ್ದಿತು.

ಈ ಅಪಾಯವನ್ನು ಮರ್ರೆಗೂ ಪೂರ್ವದಲ್ಲಿಯೇ ಕಂಡುಕೊಂಡು ಎಚ್ಚರಿಸಿದವರು ರಂಗಭೂಮಿಯಿಂದ ಬಂದವರೆಂಬುದು ಆಕಸ್ಮಿಕವಲ್ಲ. ಐರ್ಲೆಂಡಿನಲ್ಲಿ 1719ರಲ್ಲಿ ಜನಿಸಿ, ನಟನೂ ಡಬ್ಲಿನ್ನಿನ ನಾಟಕಶಾಲೆಯ ವ್ಯವಸ್ಥಾಪಕನೂ ಆಗಿದ್ದ ಥಾಮಸ್ ಷೆರಿಡನ್ನನು, ಲಂಡನ್, ಆಕ್ಸ್‌ಫರ್ಡ್, ಎಡಿನ್‌ಬರೋ ಮೊದಲಾದ ಸ್ಥಳಗಳಲ್ಲಿ ವಾಕ್ಕಲೆಯ ವಿಷಯವಾಗಿ ಮಾಡಿದ ಉಪನ್ಯಾಸಗಳು 1762ರಲ್ಲಿ ಪುಸ್ತಕವಾಗಿ ಹೊರಬಂದುವು. ಮಾತನಾಡುವಾಗ ಯಾರೂ ಬಿಡದ ಕಡೆ ಉಸಿರುಬಿಟ್ಟು, ಮಾತಿನಲ್ಲಿಲ್ಲದ ಕೃತಕಸ್ವರದಿಂದ ಓದುವ ಅಭ್ಯಾಸವು ಪಾಠಶಾಲೆಯಲ್ಲಿಯೇ ಬೇರೂರಿ, ಧರ್ಮಪೀಠವನ್ನೇರಿದ ವಿದ್ವಾಂಸನನ್ನೂ ಬಿಡದೆ ಹಿಂಬಾಲಿಸುತ್ತದೆಂಬುದು ಅವನ ಮುಖ್ಯ ಆಕ್ಷೇಪ. ಅವನು ಆಕ್ಷೇಪಣೆಯಷ್ಟರಿಂದಲೇ ತೃಪ್ತನಾಗಲಿಲ್ಲ. 1775ರಲ್ಲಿ ಪ್ರಕಟಿಸಿದ ವಾಚನಕಲೆಯ ಉಪನ್ಯಾಸಗಳಲ್ಲಿ ಇಂಗ್ಲೆಂಡಿನ ಚರ್ಚಿನ ಪ್ರಾರ್ಥನೆಗಳನ್ನೇ ಎತ್ತಿಕೊಂಡು, ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದನ್ನು ತನ್ನವೇ ಆದ ಗುರುತುಗಳಿಂದ ತೋರಿಸಿಕೊಟ್ಟನು.

ಷೆರಿಡನ್ನನ ಕಾರ್ಯವನ್ನು ನಿಯಮಬದ್ಧವಾಗಿ ಮುಂದುವರಿಸಿದವನು ಜಾನ್ ವಾಕರ್. ಪ್ರಸಿದ್ಧ ನಟ ಗ್ಯಾರಿಕ್ಕನ ತಂಡದಲ್ಲಿ ಕೆಲಕಾಲವಿದ್ದು, ಬಳಿಕ ರಂಗಭೂಮಿಯನ್ನು ತ್ಯಜಿಸಿ ಅಧ್ಯಾಪನವೃತ್ತಿಯನ್ನು ಕೈಕೊಂಡ ಈತನು, 1781ರಲ್ಲಿ ಪ್ರಕಟಿಸಿದ ವಾಕ್ಕಲೆಯ ಮೂಲಗ್ರಂಥದಲ್ಲಿ, ಅಚ್ಚಿನ ಪುಟದಲ್ಲಿ ಕಾಣುವುದಕ್ಕಿಂತ ಹೆಚ್ಚು ವಿರಾಮಗಳು ಸದ್ವಾಚನಕ್ಕೆ ಅವಶ್ಯವೆಂದೂ, ಅವುಗಳ ಸ್ಥಾನವನ್ನು ಪದಗಳ ಪರಸ್ಪರ ಸಂಬಂಧವೇ ನಿಶ್ಚಯಿಸುತ್ತದೆಂದೂ ಪ್ರತಿಪಾದಿಸಿದನು. ಕರ್ತೃಸ್ಥಾನದಲ್ಲಿ ಅನೇಕ ಪದಗಳು ಕೂಡಿಬಂದಾಗ, ಅಚ್ಚಿನಲ್ಲಿ ಚಿಹ್ನೆಯಿಲ್ಲದಿದ್ದರೂ, ಕ್ರಿಯಾಪದಕ್ಕೆ ಮುನ್ನ ಸ್ವಲ್ಪ ತಡೆಯಬೇಕೆಂಬುದು ಅವನ ನಿಯಮಗಳಲ್ಲಿ ಒಂದು. ‘ದಿ ಸನ್ ಆಫ್ ದಿ ಓಲ್ಡ್ ಕಿಂಗ್ ವೆಂಟ್ ಟು ದಿ ಫಾರೆಸ್ಟ್’ ಎಂಬ ವಾಕ್ಯವನ್ನು ತೆಗೆದುಕೊಂಡರೆ, ‘ಕಿಂಗ್’ ಎಂಬಲ್ಲಿ ತುಸು ನಿಂತು ಮುಂದುವರಿದವನ ಮಾತು ಎರಡೇ ಅಲೆಗಳಲ್ಲಿ ಸುಗಮವಾಗಿ ಸಾಗುತ್ತದೆ. ‘ಆಫ್’ ಎಂಬಲ್ಲಿಯೋ ‘ದಿ’ ಎಂಬಲ್ಲಿಯೋ ತಡೆದವನ ಮಾತಿನಲ್ಲಿ, ಪ್ರತಿಯೊಂದು ಪದದ ಉಚ್ಚಾರಣೆ ನಿರ್ದುಷ್ಟವಾಗಿದ್ದರೂ, ವಾಕ್ಯದ ಅನ್ವಯವೇ ಮುರಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿಚಾರವು ವಾಗ್ಮಿಗಳ ಕೈಯಿಂದ ಧ್ವನಿವಿಜ್ಞಾನಿಗಳ ಕೈಗೆ ಬಂದಿತು. 1877ರಲ್ಲಿ ಧ್ವನಿವಿಜ್ಞಾನದ ಕೈಪಿಡಿಯನ್ನು ರಚಿಸಿದ ಹೆನ್ರಿ ಸ್ವೀಟನು, ಕಿವಿಗೆ ಕೇಳುವ ಮಾತಿನಲ್ಲಿ ಪದಗಳ ನಡುವೆ ತೆರಪೇ ಇಲ್ಲವೆಂದೂ, ಒಂದು ಉಸಿರಿನಲ್ಲಿ ಹೊರಡುವ ಪದಸಮೂಹವೇ ಅಲ್ಲಿನ ವಾಸ್ತವವಾದ ವಿಭಾಗವೆಂದೂ ನಿರೂಪಿಸಿದನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಜೋನ್ಸ್ ಈ ಉಸಿರಿನ ಗುಂಪಿನೊಡನೆ ಅರ್ಥದ ಗುಂಪೆಂಬುದನ್ನೂ ಗುರುತಿಸಿದನು. ಉಸಿರು ದೇಹಧರ್ಮ, ಅದು ಒಂದೆರಡು ಅರ್ಥಗುಂಪುಗಳನ್ನು ಒಟ್ಟಿಗೆ ಹೊರಬಲ್ಲುದು, ಆದರೆ ಒಂದು ಅರ್ಥಗುಂಪನ್ನು ನಡುವೆ ಒಡೆಯುವ ಅಧಿಕಾರ ಅದಕ್ಕಿಲ್ಲ. ಜೋನ್ಸನ ಸಹೋದ್ಯೋಗಿಯಾಗಿದ್ದ ಹೆರಲ್ಡ್ ಪಾಮರನು 1922ರಲ್ಲಿ ಆಂಗ್ಲ ಸ್ವರಭಾರದ ಅಭ್ಯಾಸಗ್ರಂಥವನ್ನು ಪ್ರಕಟಿಸಿ, ಅದೇ ವರ್ಷ ಜಪಾನಿಗೆ ತೆರಳಿ, ಪರಭಾಷಿಕರಿಗೆ ಇಂಗ್ಲಿಷನ್ನು ಮೊದಲು ಕಿವಿಯಿಂದ ಕಲಿಸುವ ಕಾರ್ಯದಲ್ಲಿ ತೊಡಗಿದನು.

ನಮ್ಮ ನಾಡಿಗೆ ಇಂಗ್ಲಿಷ್ ಬಂದುದು ವಿಶೇಷವಾಗಿ ಪುಸ್ತಕದ ಮೂಲಕ, ಪರೀಕ್ಷೆಯ ಮೂಲಕ. ದಕ್ಷಿಣ ರಾಜ್ಯಗಳ ಉಪಾಧ್ಯಾಯರ ಶಿಕ್ಷಣಕ್ಕಾಗಿ 1963ರಲ್ಲಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸ್ಥಾಪಿತವಾಯಿತಾದರೂ, ಪದಕ್ಕೊಂದು ನಿಲುಗಡೆ ಕೊಡುತ್ತ ಓದುವ ಬಾಲಕರನ್ನು ನಮ್ಮ ಶಾಲೆಗಳಲ್ಲಿ ಇಂದಿಗೂ ಕಾಣಬಹುದು. ಇದಕ್ಕೆ ಅವರ ನಾಲಗೆಯನ್ನು ದೂರುವುದು ನ್ಯಾಯವಲ್ಲ. ಭಾಷೆಯನ್ನು ಪುಟದಿಂದ ಪಡೆದ ಐರಿಷ್ ಸಂನ್ಯಾಸಿಗೆ ಯಾವುದು ಅಗತ್ಯವಾಗಿದ್ದಿತೋ, ಸ್ವದೇಶದ ಪಾದ್ರಿಗೆ ಸಹ ಷೆರಿಡನ್ನನು ಯಾವುದನ್ನು ಬೋಧಿಸಬೇಕಾಯಿತೋ, ಅದನ್ನೇ ನಮ್ಮ ಮಕ್ಕಳಿಗೂ ಕಲಿಸಬೇಕಾಗಿದೆ. ವಾಕ್ಯವನ್ನು ಮೊದಲು ಮೌನವಾಗಿ ಓದಿ ಅರ್ಥಮಾಡಿಕೊಂಡು, ಕೂಡಿಬರುವ ಪದಗಳನ್ನು ಸೀಸದಕಡ್ಡಿಯಿಂದ ಗುರುತಿಸಿ, ಆ ಬಳಿಕ ಗಟ್ಟಿಯಾಗಿ ಓದುವಂತೆ ಮಾಡುವ ಉಪಾಧ್ಯಾಯನು ಹೊಸ ವೆಚ್ಚವಿಲ್ಲದೆ ಈ ವಿದ್ಯೆಯನ್ನು ದಾನಮಾಡಬಲ್ಲನು. ವೇಗವನ್ನು ಆಮೇಲೆ ಅರಸಿದರೂ ಆದೀತು. ತಾನು ಓದುತ್ತಿರುವುದು ತನಗೆ ತಿಳಿದಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಪ್ರತಿಯೊಂದು ವಾಕ್ಯದ ಆರಂಭದಲ್ಲಿಯೂ ವಿದ್ಯಾರ್ಥಿಯು ಕೇಳಿಕೊಳ್ಳಲೇಬೇಕು.