ಗೆರೆ ಹಿಡಿದದ್ದು, ಬೆಳಕು ಹಿಡಿದದ್ದು

ಕಾಗದದ ಮೇಲಿನ ಛಾಯಾಗ್ರಹಣ ಹುಟ್ಟಿದ್ದು ಚಿತ್ರ ಬರೆಯಲು ಬಾರದವರೊಬ್ಬರ ನಿರಾಶೆಯಿಂದ ಎಂದರೆ ಅಚ್ಚರಿಯಾಗಬಹುದು. 1833ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಇಟಲಿಯ ಕೋಮೊ ಸರೋವರದ ದಡದಲ್ಲಿ ಕ್ಯಾಮರಾ ಲೂಸಿಡಾದ ನೆರವಿನಿಂದ ಚಿತ್ರ ಬರೆಯಲು ಪ್ರಯತ್ನಿಸಿ ಸೋತರು. ಈ ಉಪಕರಣದ ಪಟ್ಟಕವು ಎದುರಿನ ದೃಶ್ಯ ಕಾಗದದ ಮೇಲೆ ಬಿದ್ದಂತೆ ತೋರಿಸುತ್ತದೆ. ಗೆರೆ ಎಳೆಯಬೇಕಾದದ್ದು ಕೈಯೇ. ಬೆಳಕೇ ಚಿತ್ರ ಬರೆಯುವಂತೆ ಮಾಡಿದರೆ? ಈ ಯೋಚನೆಯ ಫಲವೇ 1841ರಲ್ಲಿ ಅವರು ಪೇಟೆಂಟ್ ಪಡೆದ ಕ್ಯಾಲೊಟೈಪ್ ವಿಧಾನ.

ಇದರಲ್ಲಿ ಸಿಲ್ವರ್ ಅಯೊಡೈಡ್ ಲೇಪಿಸಿದ ಕಾಗದವನ್ನು ಬೆಳಕಿಗೆ ಒಡ್ಡಲಾಗುತ್ತಿತ್ತು. ಆಗ ಮೂಡುವ ಬಿಂಬ ಕಣ್ಣಿಗೆ ಕಾಣದು. ಕತ್ತಲೆ ಕೋಣೆಯಲ್ಲಿ ಗ್ಯಾಲಿಕ್ ಆಮ್ಲ ಮತ್ತು ಸಿಲ್ವರ್ ನೈಟ್ರೇಟ್‌ಗಳು ಅದನ್ನು ಬೆಳ್ಳಿಯ ಕಪ್ಪು ಕಣಗಳಾಗಿ ಹೊರತರುತ್ತವೆ. ಬೆಳಕು ತಾಗದೆ ಉಳಿದ ಲವಣವನ್ನು ಹೈಪೊ ದ್ರಾವಣ ಕರಗಿಸಿ ತೆಗೆಯುತ್ತದೆ. ಹೀಗೆ ದೊರೆತ ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿಗಳನ್ನು ಮುದ್ರಿಸಬಹುದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಕಾಗದಕ್ಕೆ ಮೊದಲೇ ಮೇಣ ಹತ್ತಿಸುವ ವಿಧಾನವನ್ನು ಪ್ರಕಟಿಸಿದರು. ಇಂಥ ಕಾಗದವನ್ನು ಕೆಲವು ದಿನ ಮುಂಚೆಯೇ ಸಿದ್ಧಪಡಿಸಿ ಒಯ್ಯಬಹುದಾಗಿದ್ದರಿಂದ ಪ್ರವಾಸಿಗಳಿಗೆ ಅನುಕೂಲವಾಯಿತು.

ಕರ್ನಾಟಕದಲ್ಲಿ ಗೆರೆ ಮತ್ತು ಬೆಳಕು ಒಂದೇ ನೆಲವನ್ನು ದಾಖಲಿಸಿದ ಉತ್ತಮ ನಿದರ್ಶನ ಹಂಪಿ. 1800ರ ಸುಮಾರಿಗೆ ಕಾಲಿನ್ ಮೆಕೆಂಜಿ ಇಲ್ಲಿ ಮೋಜಣಿ ನಡೆಸಿದರು. ಇಡೀ ಊರು ಮೇಲಿನಿಂದ ಹೇಗೆ ಕಂಡೀತು ಎಂಬುದನ್ನು ಅವರ ನಕ್ಷೆ ತೋರಿಸಿತು. ಅದನ್ನು ಅಂದಿನ ಯಾವ ಮಸೂರವೂ ತೋರಿಸಲಾಗುತ್ತಿರಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಕ್ಯಾಲೊಟೈಪ್ ವಿಧಾನದಿಂದ ಅಲ್ಲಿನ ಕಟ್ಟಡಗಳನ್ನು ಸೆರೆಹಿಡಿದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಆ ಚಿತ್ರದಲ್ಲಿ ಸ್ಪಷ್ಟವಾಗಿದೆ. ಈಗ ಆ ಶಿಖರವಿಲ್ಲ! 2017ರಲ್ಲಿ ಹೊರಬಂದ 50 ರೂಪಾಯಿ ನೋಟಿನಲ್ಲಿರುವುದೂ ಶಿಖರವಿಲ್ಲದ ರಥವೇ. ಗ್ರೀನ್‌ಲಾ ನಿಂತ ಜಾಗಗಳಲ್ಲೇ 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಮತ್ತೆ ಚಿತ್ರ ತೆಗೆದಾಗ, ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂದು ಹೋಲಿಸುವುದು ಸಾಧ್ಯವಾಯಿತು.

ಹಾಗೆಂದು ಬೆಳಕು ಬರೆದದ್ದೆಲ್ಲ ಪೂರ್ಣಸತ್ಯವಲ್ಲ. ಸಿಲ್ವರ್ ಅಯೊಡೈಡ್ ಸ್ಪಂದಿಸುವುದು ಮುಖ್ಯವಾಗಿ ನೀಲಿ, ನೇರಳೆ ಬೆಳಕಿಗೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾವೇರಿ ದಡವನ್ನು ಅಂಥ ಕಾಗದದಲ್ಲಿ ಹಿಡಿದರೆ ನೀಲಿ ಆಕಾಶವೂ ಬಿಳಿ ಮೋಡವೂ ಒಂದೇ ಬಿಳುಪಾಗುತ್ತವೆ. ಹಸಿರು ಮರಗಳು ಕಪ್ಪಾಗುತ್ತವೆ. ನಿಮಿಷಗಟ್ಟಲೆ ಒಡ್ಡಬೇಕಾದ್ದರಿಂದ ಬಂಡೆಗಳ ನಡುವೆ ಹರಿಯುವ ನೀರು ಮಂಜಿನಂತೆ ಮಸುಕಾಗುತ್ತದೆ. ಮೋಡವನ್ನೂ ಸುಳಿಯನ್ನೂ ಚಿತ್ರಕಾರನ ಪೆನ್ಸಿಲ್ ಉಳಿಸಿಕೊಡಬಲ್ಲದು. ಲವಣಕ್ಕೆ ಬಣ್ಣದ್ರವ್ಯ ಸೇರಿಸಿದರೆ ಹಸಿರು ಬೆಳಕಿಗೂ ಅದು ಸ್ಪಂದಿಸುತ್ತದೆಂದು ಜರ್ಮನಿಯ ಹರ್ಮನ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ.

ಶಾಲೆಯ ಪ್ರವಾಸ ಮುತ್ತತ್ತಿಗೆ ಹೋದಾಗ ಶಿಕ್ಷಕರು ಒಂದು ಚಟುವಟಿಕೆ ಮಾಡಿಸಬಹುದು. ಅಲ್ಲಿನ ಸುಳಿಗಳು ಅಪಾಯಕಾರಿಯಾದ್ದರಿಂದ ಯಾರೂ ನೀರಿಗಿಳಿಯಬಾರದು. ದಡದ ಒಂದೇ ಜಾಗದಿಂದ ಅರ್ಧ ತರಗತಿ ಚಿತ್ರ ಬರೆಯಲಿ, ಉಳಿದರ್ಧ ಫೋಟೊ ತೆಗೆಯಲಿ. ಎರಡರ ಮೇಲೂ ದಿನಾಂಕ, ಸಮಯ, ದಿಕ್ಕು, ನಿಂತ ಸ್ಥಳವನ್ನು ಗುರುತಿಸಿ ಶಾಲೆಯಲ್ಲಿ ಕಾಪಾಡಿದರೆ, ಹೊಳೆಯ ದಡ ಎಷ್ಟು ಬದಲಾಯಿತೆಂಬುದಕ್ಕೆ ಮುಂದಿನ ವಿದ್ಯಾರ್ಥಿಗಳಿಗೆ ಅದೇ ಪುರಾವೆ.